ಯಾವ ‘ನಾವು’? ನುರುದ್ದೀನ್ ಫಾರಾ ಅವರ ‘ಲಿಂಕ್ಸ್’ ಓದುತ್ತ

ಸೊಮಾಲಿಯಾದ ಅಂತರ್ಯುದ್ಧದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಮೊದಲು ಕೈಗೆ ಸಿಗುವ ಪದ ‘ಬುಡಕಟ್ಟು’. ಅದು ದಾರಿ ತಪ್ಪಿಸುವ ಪದ. ಬೇರೆ ಭಾಷೆ, ಬೇರೆ ದೈವ, ಬೇರೆ ನೆಲೆಯ ಜನ ಎಂಬ ಚಿತ್ರ ಅದರ ಜೊತೆಗೇ ಬಂದುಬಿಡುತ್ತದೆ. ಸೊಮಾಲಿಗಳಲ್ಲಿ ಬಹುಪಾಲು ಜನರದು ಒಂದೇ ಭಾಷೆ, ಒಂದೇ ಸುನ್ನಿ ಇಸ್ಲಾಂ. ಅವರನ್ನು ಬೇರೆ ಮಾಡುವುದು ತಂದೆಯ ಕಡೆಯ ವಂಶಾವಳಿ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಲವು ತಲೆಮಾರುಗಳ ಹೆಸರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ರೂಢಿ ಅಲ್ಲಿದೆ. ‘ಕುಲ’ ಎಂದರೆ ಸ್ವಲ್ಪ ಹತ್ತಿರ ಬಂದಂತಾಗುತ್ತದೆ.

ಈ ಪಟ್ಟಿಯನ್ನು ಬೇಕಾದ ತಲೆಮಾರಿನಲ್ಲಿ ಕತ್ತರಿಸಬಹುದು. 1991ರ ಜನವರಿಯಲ್ಲಿ ಸರ್ವಾಧಿಕಾರಿ ಸಿಯಾದ್ ಬರ್ರೆ ಮೊಗದಿಶು ಬಿಟ್ಟು ಓಡಿದಾಗ ಅವನನ್ನು ಅಟ್ಟಿದ್ದು ಹವಿಯೆ ಕುಲದವರ ಸಂಘಟನೆ. ಬರ್ರೆಯ ದಾರೋದ್ ಕುಲದಲ್ಲಿ ಹುಟ್ಟಿದ ತಪ್ಪಿಗೆ, ಅಧಿಕಾರದ ನೆರಳನ್ನೂ ಕಾಣದವರು ಬೀದಿಯಲ್ಲಿ ಹೆಣವಾದರು. ಅದೇ ವರ್ಷದ ನವೆಂಬರ್ ಹೊತ್ತಿಗೆ ಹವಿಯೆಯೊಳಗಿನದೇ ಎರಡು ಕವಲುಗಳ ನಾಯಕರು, ಮೊಹಮದ್ ಫರಾ ಐದೀದ್ ಮತ್ತು ಅಲಿ ಮಹ್ದಿ ಮೊಹಮದ್, ಊರನ್ನು ಇಬ್ಭಾಗ ಮಾಡಿಕೊಂಡು ಫಿರಂಗಿ ಹಾರಿಸುತ್ತಿದ್ದರು. ‘ಹಳೆಯ ದ್ವೇಷ’ ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಕುಲವೆಂಬುದೇ ಸುಳ್ಳು ಎಂಬ ಮಾತೂ ನಿಲ್ಲುವುದಿಲ್ಲ. ಬರ್ರೆಯ ಸರ್ಕಾರ ಬಹಿರಂಗವಾಗಿ ಕುಲಾಭಿಮಾನದ ಪ್ರತಿಕೃತಿ ಸುಟ್ಟಿತು, ಒಳಗಿಂದ ನೆಂಟರಿಷ್ಟರನ್ನು ಕುರ್ಚಿಗಳಲ್ಲಿ ಕೂರಿಸಿತು. ಕುಲ ಕೇಳಲು ನಾಚುವ ವಿದ್ಯಾವಂತರು ‘ನಿಮ್ಮ ಎಕ್ಸ್ ಯಾವುದು?’ ಎಂದು, ಅಂದರೆ ‘ಮಾಜಿ’ ಕುಲ ಯಾವುದೆಂದು ವಿಚಾರಿಸಿಕೊಳ್ಳುತ್ತಿದ್ದುದನ್ನು ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ ದಾಖಲಿಸಿದ್ದಾರೆ.

‘ಲಿಂಕ್ಸ್’ ಕಾದಂಬರಿಯ ಜೀಬ್ಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೊರಗಿದ್ದು, ನ್ಯೂಯಾರ್ಕ್‌ನಿಂದ ಈ ಊರಿಗೆ ಮರಳುತ್ತಾನೆ. ತೀರಿಕೊಂಡ ತಾಯಿಯ ಸಮಾಧಿ ಹುಡುಕುವುದು ಅವನ ಕೆಲಸ. ಅವನ ಕುಲದ ಹಿರಿಯರು ಹೋಟೆಲಿಗೆ ಬಂದು, ತಮ್ಮ ಪಡೆಯ ಯುದ್ಧವಾಹನದ ರಿಪೇರಿಗೆ ವಂತಿಗೆ ಕೇಳುತ್ತಾರೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಪಟ್ಟಿ ಹಿಡಿದು ಬಂದವರಷ್ಟೇ ಸಹಜವಾಗಿ. ಜೀಬ್ಲೆ ಕೊಡುವುದಿಲ್ಲ. ಆದರೆ ನಾನು ಆಧುನಿಕ, ಕುಲ ಗಿಲ ನಂಬುವುದಿಲ್ಲ ಎಂಬ ಭಾಷಣವನ್ನೂ ಬಿಗಿಯುವುದಿಲ್ಲ. ನನ್ನನ್ನು ಬರೀ ಅಪ್ಪನ ಮಗನೆಂದೇಕೆ ಗುರುತಿಸುತ್ತೀರಿ, ನನಗೆ ತಾಯಿ ಇರಲಿಲ್ಲವೇ ಎಂಬುದು ಅವನ ತಕರಾರು. ಹೆಂಗಸರಿಗೆ ಜಾಗವಿಲ್ಲದ ಪಟ್ಟಿಯ ಮೇಲೆ ಯುದ್ಧ ನಿಂತಿರುವಾಗ ಈ ಪ್ರಶ್ನೆ ಬುಡಕ್ಕೇ ಕೈಹಾಕುತ್ತದೆ. ಗಂಡನದು ಒಂದು ಕುಲ, ತವರಿನದು ಇನ್ನೊಂದು ಎಂಬಂಥ ಹೆಂಗಸರಿಗೆ 1991ರಲ್ಲಿ ಯಾವ ಬೀದಿಯೂ ಪೂರ್ತಿ ತಮ್ಮದಾಗಿರಲಿಲ್ಲ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಗಟ್ಟಿಯೆನಿಸಿದ ಭಾಗ ಇದು.

ಜೀಬ್ಲೆಯನ್ನು ಕಾಡುವ ಇನ್ನೊಂದು ಸಂಗತಿ ಸರ್ವನಾಮ. ಇಲ್ಲಿ ಮಾತಾಡುವವರ ‘ನಾವು’ ಯಾರು, ‘ಅವರು’ ಯಾರು, ಅದರಲ್ಲಿ ತಾನಿದ್ದೇನೆಯೇ? ಈ ಕಾಟದ ಪೂರ್ತಿ ತೂಕ ಇಂಗ್ಲಿಷಿನಲ್ಲಿ ಇಳಿಯುವುದಿಲ್ಲ. ಸೊಮಾಲಿಯಲ್ಲಿ ಎರಡು ‘ನಾವು’ಗಳಿವೆ: ಕೇಳುವವನನ್ನೂ ಸೇರಿಸಿಕೊಳ್ಳುವ ‘ಇನ್ನಗು’, ಅವನನ್ನು ಹೊರಗಿಟ್ಟ ‘ಅನ್ನಗು’. ತುಳುವಿನ ‘ನಮ’ ಮತ್ತು ‘ಎಂಕುಲು’ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಸೊಮಾಲಿಯಲ್ಲಿ ಹಿರಿಯರ ಮೊದಲ ವಾಕ್ಯದಲ್ಲೇ ಜೀಬ್ಲೆ ಒಳಗೋ ಹೊರಗೋ ತೀರ್ಮಾನವಾಗುತ್ತಿತ್ತು. ಫಾರಾ ಸೊಮಾಲಿಯಲ್ಲೂ ಬರೆಯಲು ಹೊರಟಿದ್ದರು. 1973ರಲ್ಲಿ ಪತ್ರಿಕೆಯಲ್ಲಿ ಬರುತ್ತಿದ್ದ ಅವರ ಧಾರಾವಾಹಿ ಕಾದಂಬರಿಯನ್ನು ಸೆನ್ಸಾರ್ ನಡುವೆಯೇ ನಿಲ್ಲಿಸಿತು. ಆ ನಷ್ಟ ಈ ಪುಟಗಳಲ್ಲೂ ಕಾಣುತ್ತದೆ.

ನನ್ನ ಆಕ್ಷೇಪ ಹೆಸರುಗಳ ಬಗ್ಗೆ. ಕಾದಂಬರಿಯಲ್ಲಿ ಐದೀದ್, ಅಲಿ ಮಹ್ದಿ ಇಲ್ಲ. ‘ಉತ್ತರದ ಬಲಶಾಲಿ’, ‘ದಕ್ಷಿಣದ ಬಲಶಾಲಿ’ ಎಂಬರ್ಥದ ಅಡ್ಡಹೆಸರುಗಳಿವೆ. ಅವರಿಬ್ಬರನ್ನು ಹೆಸರಿಗೂ ಅನರ್ಹರೆನ್ನುವುದು ಒಳ್ಳೆಯ ವ್ಯಂಗ್ಯವೇ. ಆದರೆ ಕುಲಗಳ ಹೆಸರುಗಳೂ ಹೊರಗುಳಿದಾಗ ನಷ್ಟವಾಗುವುದು ಸತ್ತವರಿಗೆ. ಚರಿತ್ರಕಾರ್ತಿ ಲಿಡ್ವಿನ್ ಕಾಪ್ಟೈನ್ಸ್ 1991ರ ಮೊಗದಿಶುವಿನಲ್ಲಿ ನಡೆದುದನ್ನು ಕುಲವೊಂದನ್ನು ಗುರಿಯಿಟ್ಟ ನಿರ್ಮೂಲನವೆಂದೇ ಕರೆದು, ಯಾರು ಯಾರನ್ನು ಎಂದು ವಿವರವಾಗಿ ಬರೆದಿದ್ದಾರೆ. ಕೊಂದವನು ಕುಲ ಕೇಳಿಯೇ ಕೊಂದಿದ್ದಾನೆ. ಕಾದಂಬರಿಕಾರ ಕುಲ ಹೇಳಲಾರೆ ಎಂದರೆ ಎಲ್ಲರೂ ಸಮಾನ ಪಾಪಿಗಳು, ಎಲ್ಲರೂ ಸಮಾನ ಬಲಿಗಳು ಎಂಬ ಮಬ್ಬು ಕವಿಯುತ್ತದೆ. ಅಪಹರಣಕ್ಕೊಳಗಾದ ರಾಸ್ತಾ ಎಂಬ ಪುಟ್ಟ ಹುಡುಗಿಯ ಮೇಲೆ ಇಡೀ ಊರಿನ ಶಾಂತಿಯ ಭಾರ ಹೊರಿಸಿರುವುದೂ ಇದೇ ಮಬ್ಬಿನ ಭಾಗ. ಅವಳು ಮಗುವಾಗಿ ಒಂದು ಪುಟವೂ ಬದುಕುವುದಿಲ್ಲ.

ಆದರೂ ಫಾರಾ ತಮ್ಮ ನಾಯಕನನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಜೀಬ್ಲೆಯ ಹಳೆಯ ವೈರಿ ಆಲೂಷ, ಅವನ ಗೆಳೆಯ ಬೀಲೆಯ ಮಲಸೋದರ, ಕೊನೆಯಲ್ಲಿ ಸಾಯುತ್ತಾನೆ. ಆ ಸಾವಿನಲ್ಲಿ ಜೀಬ್ಲೆಯ ಪಾಲಿದೆ. ಯುದ್ಧವಾಹನದ ರಿಪೇರಿಗೆ ಬಿಡಿಗಾಸು ಕೊಡದವನು ಇಷ್ಟನ್ನು ಕುಲದ ಹಂಗಿಲ್ಲದೆ, ಗೆಳೆತನ ಮತ್ತು ತಾಯಿಯ ಹೆಸರಿನಲ್ಲೇ ಮಾಡಿ ಊರು ಬಿಡುತ್ತಾನೆ.