ಲೈಫ್‌ಟೈಮ್ ವಾರಂಟಿ ಅಂದ್ರೆ ಯಾರ ಲೈಫು ಸ್ವಾಮಿ?

ಯುಗಾದಿ ಮುಗಿಸಿ ಊರಿಂದ ಬೆಂಗಳೂರಿಗೆ ಹೊರಡುವಾಗ ಅಮ್ಮ ಕಟ್ಟಿಕೊಡೋ ಗಂಟು ಪ್ರತಿ ವರ್ಷವೂ ಹೆಚ್ಚುಕಮ್ಮಿ ಒಂದೇ. ಕಡ್ಲೆಕಾಯಿ, ಹುಣಸೆಹಣ್ಣು, ಒಂದು ಡಬ್ಬಿ ಒಬ್ಬಟ್ಟು. ಈ ಸಲ ಅದರ ಜೊತೆಗೆ ಸಿಮೆಂಟ್ ಚೀಲದಲ್ಲಿ ಸುತ್ತಿದ ಇನ್ನೊಂದು ಗಂಟೂ ಇತ್ತು. ನಾಲ್ಕು ಕೆಜಿಗೂ ಮೇಲಿತ್ತು. ಒಳಗಿದ್ದದ್ದು ದವಡೆ ಬಿರುಕುಬಿಟ್ಟ 24 ಇಂಚಿನ ಪೈಪ್ ರೆಂಚು.

ಕೊಟ್ಟವನು ನಮ್ಮ ದೊಡ್ಡಪ್ಪನ ಮಗ. ವಳ್ಳೂರಿನ ಸುತ್ತಮುತ್ತ ಬೋರ್‌ವೆಲ್ ಮೋಟಾರು ಎತ್ತೋದು, ರಿಪೇರಿ ಮಾಡೋದು, ಮತ್ತೆ ಇಳಿಸೋದು ಅವನ ಕಸುಬು. "ಡಬ್ಬಿ ಮೇಲೆ ಲೈಫ್‌ಟೈಮ್ ವಾರಂಟಿ ಅಂತ ಬರ್ದವ್ರೆ ಕಣೋ. ನೀನು ಬೆಂಗ್ಳೂರಾಗೇ ಇದ್ದೀಯ, ಇಂಗ್ಲೀಷೂ ಬರುತ್ತೆ. ಕೊಟ್ಟು ಬದ್ಲಾಯಿಸ್ಕಂಡು ಬಾ" ಅಂದ. ಬಿಇ ಓದಿದ ತಮ್ಮನಿಂದ ಅವನು ಇಷ್ಟು ವರ್ಷದಲ್ಲಿ ಕೇಳಿದ ಮೊದಲ ಕೆಲಸ ಅದು. ಇಲ್ಲ ಅನ್ನೋದು ಹೇಗೆ? ಮಧುಗಿರಿ, ಕೊರಟಗೆರೆ ದಾಟಿ ಬರೋ ಬಸ್ಸಿನಲ್ಲಿ ಆ ಗಂಟನ್ನ ಸೀಟಿನ ಕೆಳಗೆ ಇಟ್ಟುಕೊಂಡು ಬಂದೆ.

ಮುಂದಿನ ಶನಿವಾರ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯ ಹೆಸರು, ಬ್ರಾಂಡಿನ ಹೆಸರು ಎರಡೂ ಇಲ್ಲಿ ಬೇಡ. ಕೌಂಟರಿನಲ್ಲಿದ್ದವರು ಬಿಲ್ ಕೇಳಿದರು. ಎಣ್ಣೆ ಹತ್ತಿ ಅರ್ಧ ಅಳಿಸಿಹೋಗಿದ್ದರೂ ಬಿಲ್ ಇತ್ತು. ರೆಂಚನ್ನ ಕೈಗೆತ್ತಿಕೊಂಡು ಒಂದು ಸಲ ತಿರುಗಿಸಿ ನೋಡಿದರು, ಅಷ್ಟೇ. "ಹಿಡಿಗೆ ಪೈಪ್ ಹಾಕಿ ತಿರುಗಿಸಿದ್ದೀರಲ್ಲ ಸಾರ್. ನೋಡಿ ಇಲ್ಲಿ ಗೀರು ಬಿದ್ದಿದೆ, ಹಿಡಿ ಸ್ವಲ್ಪ ಬಾಗಿದೆ. ಇದು ಮಿಸ್‌ಯೂಸ್. ವಾರಂಟಿ ಬರೋದು ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟಿಗೆ ಮಾತ್ರ."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮಣ್ಣ ಪೈಪ್ ಹಾಕಿದ್ದು ನಿಜ. ಫೋನ್ ಮಾಡಿ ಕೇಳಿದೆ. "ಹಾಕ್ದೆ ಇನ್ನೇನ್ ಮಾಡ್ಲಿ? ಎಂಟು ವರ್ಷ ನೀರಾಗೆ ತುಕ್ಕು ಹಿಡ್ದಿರೋ ಜಾಯಿಂಟು ಕೈಯಾಗೆ ಬರುತ್ತೇನೋ?" ಅಂದ.

ಪೈಪ್ ಹಾಕೋದು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಲೆಕ್ಕ. 24 ಇಂಚಿನ ರೆಂಚು ಅಂದರೆ ಸುಮಾರು 60 ಸೆಂಟಿಮೀಟರು. ತುದಿಯಲ್ಲಿ 50 ಕೆಜಿ ಭಾರ ಹಾಕಿದರೆ ದವಡೆಯ ಹತ್ತಿರ 30 ಕೆಜಿ-ಮೀಟರಿನಷ್ಟು ತಿರುಚುಬಲ ಬೀಳುತ್ತೆ. ಹಿಡಿಗೆ ಜಿ.ಐ. ಪೈಪ್ ತೂರಿಸಿ ಉದ್ದ ಎರಡರಷ್ಟು ಮಾಡಿದರೆ ಅದೇ ಮನುಷ್ಯ, ಅದೇ ತೋಳು, ಬಲ ಮಾತ್ರ 60 ಕೆಜಿ-ಮೀಟರು. ಸ್ಪ್ಯಾನರುಗಳಲ್ಲೂ ಇದೇ ಕಥೆ. 10-11 ಗಿಡ್ಡಕ್ಕೆ ಇರೋದು, 30-32 ಉದ್ದಕ್ಕೆ ಇರೋದು ಕಬ್ಬಿಣ ಉಳಿಸೋಕೆ ಮಾತ್ರ ಅಲ್ಲ. ಆ ಸೈಜಿನ ನಟ್ಟಿಗೆ ಎಷ್ಟು ಬಲ ಸಾಕೋ ಅಷ್ಟೇ ಬೀಳಲಿ ಅಂತ ಅಳೆದು ಇಟ್ಟ ಉದ್ದ ಅದು. ಅದನ್ನ ಮೀರಿದರೆ ನಟ್ಟು ಹೋಗಬೇಕು, ಇಲ್ಲ ಟೂಲು ಹೋಗಬೇಕು, ಇಲ್ಲ ಬೆರಳು.

ಹಾಗಾದರೆ ತಪ್ಪು ನಮ್ಮಣ್ಣನದೇ ಅಲ್ಲವಾ? ಪುಸ್ತಕದ ಪ್ರಕಾರ ಹೌದು. 36 ಇಂಚಿನ ರೆಂಚು ಬಳಸಬೇಕಿತ್ತು. ಅದು ಇನ್ನೂ ಭಾರ, ಇನ್ನೂ ದುಬಾರಿ, ಟಿವಿಎಸ್ ಗಾಡಿಯಲ್ಲಿ ಹೊಲದಿಂದ ಹೊಲಕ್ಕೆ ಹೊತ್ತು ತಿರುಗೋಕೆ ಆಗಲ್ಲ. ಕಾರ್ಡು ಬರೆದವರಿಗೆ 'ಮಿಸ್‌ಯೂಸ್' ಆಗಿರೋದು ನಮ್ಮ ಕಡೆ ದಿನನಿತ್ಯದ ಯೂಸ್. ದಿನಾ ಆಗೋ ಕೆಲಸವನ್ನೇ ಹೊರಗಿಟ್ಟು, ಎಂದೋ ಒಂದು ದಿನ ಕಾಣೋ ತಯಾರಿಕೆಯ ದೋಷಕ್ಕೆ ಮಾತ್ರ ಜೀವನಪೂರ್ತಿ ಜವಾಬ್ದಾರಿ ಅಂತ ಬರೆಯೋದನ್ನ ನಾನು ಭರವಸೆ ಅಂತ ಒಪ್ಪಲಾರೆ. ಅದು ಜಾಹೀರಾತು.

ಈ ಕೆಲಸದಲ್ಲಿ ಟೂಲು ಕೈಕೊಟ್ಟರೆ ಏನಾಗುತ್ತೆ ಅನ್ನೋದನ್ನೂ ಹೇಳಬೇಕು. ಎರಡಿಂಚಿನ ಜಿ.ಐ. ಪೈಪು, ಒಂದೊಂದು 20 ಅಡಿ, ಒಂದೊಂದು ಸುಮಾರು 30 ಕೆಜಿ. 600 ಅಡಿ ಆಳದಲ್ಲಿ ಮೋಟಾರು ಇದ್ದರೆ 30 ಪೈಪು. ಅಂದರೆ ಮೋಟಾರು, ಕೇಬಲ್, ಒಳಗಿನ ನೀರು ಬಿಟ್ಟು ಬರೀ ಪೈಪೇ ಹತ್ತಿರ ಹತ್ತಿರ ಒಂದು ಟನ್ನು. ಅಷ್ಟೂ ತೂಕ ಕೇಸಿಂಗ್ ಬಾಯಿ ಮೇಲಿಟ್ಟ ಕ್ಲಾಂಪಿನಲ್ಲಿ ನೇತಾಡ್ತಿರುತ್ತೆ. ಆ ಕ್ಲಾಂಪಿನ ಬೋಲ್ಟುಗಳನ್ನ ಬಿಗಿಮಾಡೋದು ಸ್ಪ್ಯಾನರು. ಸ್ಪ್ಯಾನರಿನ ಬಾಯಿ ಅಗಲ ಆಗಿದ್ದರೆ ನಟ್ಟಿನ ಮೂಲೆ ಸವೆಯುತ್ತೆ, ಮೂಲೆ ಸವೆದರೆ ಬಿಗಿ ಕೂರಲ್ಲ, ಬಿಗಿ ಕೂರದಿದ್ದರೆ ಒಂದು ಟನ್ನು ಪಾತಾಳಕ್ಕೆ. ಆ ಬೋರಿಗೆ ಸಾಲ ಮಾಡಿದ ರೈತ ಪಕ್ಕದಲ್ಲೇ ಟವಲ್ ಹೆಗಲಿಗೆ ಹಾಕ್ಕೊಂಡು ನಿಂತಿರ್ತಾನೆ. ರೆಂಚು ಜಾರಿದರೆ ಇನ್ನೊಂದು ಥರ ನಷ್ಟ. ನಮ್ಮಣ್ಣನ ಎಡಗೈ ಉಂಗುರದ ಬೆರಳಿನ ಉಗುರು ಇವತ್ತಿಗೂ ಸೊಟ್ಟಕ್ಕಿದೆ.

ಇಂಥವರು ಟೂಲುಗಳನ್ನ ಹೋಲಿಸೋ ರೀತಿಯೇ ಬೇರೆ. ಆಯುಧಪೂಜೆ ದಿನ ಅವನ ಶೆಡ್ಡಿಗೆ ಹೋದರೆ ಎಲ್ಲ ಟೂಲೂ ತೊಳೆದು, ಕುಂಕುಮ ಇಟ್ಟು ಸಾಲಾಗಿ ಜೋಡಿಸಿರ್ತಾನೆ. ಅಕ್ಕಪಕ್ಕದ ಗ್ಯಾರೇಜಿನವರು ಮಂಡಕ್ಕಿ ತಿನ್ನುತ್ತಾ ಒಂದೊಂದನ್ನೇ ಎತ್ತಿ ತೂಕ ನೋಡ್ತಾರೆ. ಆ ಸಾಲಿನಲ್ಲಿ ಎದ್ದು ಕಾಣೋ ಹೆಸರು ಟಪಾರಿಯಾ. ನಾಸಿಕ್‌ನ ಕಂಪನಿ. 1969ರಲ್ಲಿ ಸ್ವೀಡನ್ ಕಂಪನಿಯೊಂದರ ತಾಂತ್ರಿಕ ಸಹಯೋಗದಲ್ಲಿ ಕೈ ಉಪಕರಣ ಮಾಡೋಕೆ ಶುರುಮಾಡಿತು. ಆಮೇಲೆ ಲೂಧಿಯಾನದ ಈಸ್ಟ್‌ಮನ್. ಅಮೆರಿಕ ಮೂಲದ ಸ್ಟ್ಯಾನ್ಲಿ ಒಂದೆರಡು. ಮತ್ತೆ ಯಾವ ಹೆಸರೂ ಇಲ್ಲದ, ಸಂತೆಯಲ್ಲಿ ಕೆಜಿ ಲೆಕ್ಕದಲ್ಲಿ ಬಂದಂಥವು.

"ಯಾವುದು ಬೆಸ್ಟು?" ಅಂತ ಕೇಳಿದರೆ ಅವರು ನಗ್ತಾರೆ. ಅವರು ಕೇಳೋದು 'ಇದು ಹೇಗೆ ಹೋಗುತ್ತೆ' ಅಂತ. ಒಂದು ಟೂಲು ಹೋಗೋದು ಎರಡು ರೀತಿ. ಉಕ್ಕು ಮೆತ್ತಗಿದ್ದರೆ ಬಾಯಿಬಿಡುತ್ತೆ. ತೀರಾ ಗಡುಸಾಗಿದ್ದರೆ ಚಿಟ್ ಅಂತ ಮುರಿಯುತ್ತೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಡುಸಾಗುತ್ತೆ. ಅಷ್ಟಕ್ಕೇ ಬಿಟ್ಟರೆ ಗಾಜಿನ ಥರ. ಮತ್ತೆ ಹದವಾಗಿ ಕಾಯಿಸಿ ಆ ಗಡಸನ್ನ ಸ್ವಲ್ಪ ಇಳಿಸಬೇಕು. ನಮ್ಮೂರ ಕುಲುಮೆಯಲ್ಲಿ ಕುಡುಗೋಲಿಗೆ ಹದ ಹಾಕೋದೂ ಇದೇ ವಿದ್ಯೆ. ಒಳ್ಳೆ ಸ್ಪ್ಯಾನರು ಮುರಿಯೋ ಮುಂಚೆ ಬಾಗಿ ಎಚ್ಚರಿಕೆ ಕೊಡುತ್ತೆ. ಮೇಲೆ ಎಷ್ಟೇ ದಪ್ಪಕ್ಷರದಲ್ಲಿ 'ಕ್ರೋಮ್ ವೆನೇಡಿಯಂ' ಅಂತ ಅಚ್ಚು ಹಾಕಿದ್ದರೂ ಹದ ತಪ್ಪಿದ್ದರೆ ಅದು ಬರೀ ಅಚ್ಚು. ಕನ್ನಡಿಯಂಥ ಹೊಳಪೂ ಅಷ್ಟೇ. ಅದು ತುಕ್ಕು ತಡೆಯೋಕೆ, ಬಲಕ್ಕಲ್ಲ. ಕೆಟ್ಟ ಪ್ಲೇಟಿಂಗ್ ಎದ್ದು ಬಂದರೆ ಬ್ಲೇಡಿನ ಥರ ಅಂಗೈ ಕೊಯ್ಯುತ್ತೆ. ಅದಕ್ಕಿಂತ ಕಪ್ಪಗಿರೋ ಫಾಸ್ಫೇಟ್ ಫಿನಿಶ್ಶೇ ವಾಸಿ ಅಂತ ಅವರ ತೀರ್ಮಾನ.

ಅಳತೆಯದು ಇನ್ನೊಂದು ಪರೀಕ್ಷೆ. ಡಬ್ಬಲ್ ಎಂಡ್ ಸ್ಪ್ಯಾನರಿಗೆ ಐಎಸ್ 2028 ಅನ್ನೋ ಭಾರತೀಯ ಮಾನಕ ಇದೆ, ರಿಂಗ್ ಸ್ಪ್ಯಾನರಿಗೆ ಐಎಸ್ 2029. ಅವನ್ನ ಇವರ‍್ಯಾರೂ ಓದಿಲ್ಲ. ಹೊಸ ನಟ್ಟು ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗ್ತಾರೆ. ಬಾಯಿಗೆ ಕೂರಿಸಿ ಅಲ್ಲಾಡಿಸ್ತಾರೆ. ಲಟಪಟ ಅಂದರೆ ವಾಪಸ್. ಬಾಯಿ ಲೂಸಾಗಿರೋ ಸ್ಪ್ಯಾನರು ನಟ್ಟಿನ ಮುಖವನ್ನ ಹಿಡಿಯಲ್ಲ, ಮೂಲೆಯನ್ನ ತಿನ್ನುತ್ತೆ. ಜಪಾನಿ ಮೂಲದ ಬೈಕುಗಳಲ್ಲಿ 8 ಎಂಎಂ ಬೋಲ್ಟಿಗೆ 12ರ ತಲೆ, ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಅದೇ 8 ಎಂಎಂ ಬೋಲ್ಟಿಗೆ 13ರ ತಲೆ. 12ರ ಬೋಲ್ಟಿಗೆ 13 ಹಾಕಿ ತಿರುಗಿಸಿದ ಹುಡುಗ ಮೇಸ್ತ್ರಿ ಹತ್ತಿರ ಒಂದೇಟು ತಿಂದೇ ವಿದ್ಯೆ ಕಲಿತಿರ್ತಾನೆ.

ಆ ಪೂಜೆಯ ಸಾಲಿನಲ್ಲಿ ಮೊದಲ ಜಾಗ ಮಾತ್ರ ಹಳೇ ಗೆಡೋರ್ ರಿಂಗ್ ಸ್ಪ್ಯಾನರಿಗೆ. ಗೆಡೋರ್ ಜರ್ಮನಿಯ ಹೆಸರು. ಇಲ್ಲಿ ಅದನ್ನ ಮಾಡ್ತಿದ್ದದ್ದು ಫರೀದಾಬಾದಿನ ಝಲಾನಿ ಕಾರ್ಖಾನೆ. ನಮ್ಮಣ್ಣನಿಗೆ ಅದು ಅವನ ಗುರುವಿನಿಂದ ಬಂದದ್ದು. ಆ ಕಾರ್ಖಾನೆ 1990ರ ದಶಕದಲ್ಲಿ ಕಷ್ಟಕ್ಕೆ ಸಿಕ್ಕಿ ಕೊನೆಗೆ ಮುಚ್ಚಿಹೋಯಿತು. ಟೂಲು ಉಳಿದಿದೆ, ಕಂಪನಿ ಇಲ್ಲ, ಗುರುವೂ ಇಲ್ಲ. ಈಗ ಹೇಳಿ, ಲೈಫ್‌ಟೈಮ್ ಅಂದರೆ ಯಾರ ಲೈಫು? ಟೂಲಿನದಾ, ಕಂಪನಿಯದಾ, ಕೊಂಡವನದಾ?

ವಾರಂಟಿ ಅನ್ನೋದೇ ಬೊಗಳೆ ಅಂತ ನಾನು ಹೇಳ್ತಿಲ್ಲ. ಅಮೆರಿಕದಲ್ಲಿ ಸಿಯರ್ಸ್ ಅಂಗಡಿಯವರು 1927ರಿಂದ ಕ್ರಾಫ್ಟ್ಸ್‌ಮನ್ ಅಂತ ಟೂಲು ಮಾರ್ತಿದ್ದರು. ಮುರಿದ ಸ್ಪ್ಯಾನರು ತಗೊಂಡು ಹೋದರೆ ಬಿಲ್ ಕೂಡ ಕೇಳದೆ ಹೊಸದು ಕೊಡೋರು ಅನ್ನೋದು ಅಲ್ಲಿನ ಮನೆಮಾತು. 1920ರಲ್ಲಿ ಶುರುವಾದ ಸ್ನ್ಯಾಪ್-ಆನ್ ಕಂಪನಿಯದಂತೂ ಟೂಲು ತುಂಬಿದ ವ್ಯಾನೇ ವಾರಕ್ಕೊಂದು ಸಲ ಗ್ಯಾರೇಜಿನ ಬಾಗಿಲಿಗೆ ಬರುತ್ತೆ. ಮುರಿದದ್ದನ್ನ ಅಲ್ಲೇ ಕೊಡಬಹುದು. ಆ ಟೂಲಿನ ಬೆಲೆ ಕೇಳಿದರೆ ನಮ್ಮವರು ಎದೆ ಹಿಡ್ಕೋತಾರೆ, ಅದು ಬೇರೆ ಮಾತು. ಆದರೆ ಆ ವಾರಂಟಿಗೆ ಬೆಲೆ ಬಂದದ್ದು ಕಾರ್ಡಿನ ಅಕ್ಷರದಿಂದಲ್ಲ. ಊರೂರಿಗೂ ಇದ್ದ ಅಂಗಡಿಯಿಂದ, ಬಾಗಿಲಿಗೆ ಬರೋ ವ್ಯಾನಿನಿಂದ. ಸಿಯರ್ಸ್ 2017ರಲ್ಲಿ ಕ್ರಾಫ್ಟ್ಸ್‌ಮನ್ ಹೆಸರನ್ನೇ ಮಾರಿಕೊಂಡಿತು, 2018ರಲ್ಲಿ ತಾನೂ ದಿವಾಳಿ ಅರ್ಜಿ ಹಾಕಿತು. ಅಷ್ಟು ದೊಡ್ಡ ಅಂಗಡಿಯ ಲೈಫೇ ಅಷ್ಟು.

ನಮ್ಮ ಕಡೆಗೆ ಬನ್ನಿ. ಅಂಗಡಿ ಇರೋದು ಬೆಂಗಳೂರಲ್ಲಿ. ಹೋಗಿಬರೋಕೆ ಒಂದು ದಿನ, ಬಸ್ ಚಾರ್ಜು, ಆ ದಿನದ ಸಂಪಾದನೆ ಖೋತಾ. 13ರ ಸ್ಪ್ಯಾನರು ಒಂದು ಮುರಿದರೆ ಅದರ ಬೆಲೆಗಿಂತ ವಾರಂಟಿ ಪಡೆಯೋ ಖರ್ಚೇ ಜಾಸ್ತಿ. ನಮ್ಮ ಸಾಫ್ಟ್‌ವೇರಿನಲ್ಲಿ ಸರ್ವರ್ ಎಷ್ಟು ವರ್ಷ ಬಾಳುತ್ತೆ ಅಂತ ಕೇಳಲ್ಲ, ಬಿದ್ದರೆ ಎಷ್ಟು ಹೊತ್ತಲ್ಲಿ ಎದ್ದು ನಿಲ್ಲುತ್ತೆ ಅಂತ ಕೇಳ್ತೀವಿ. ಟೂಲಿಗೂ ಅದೇ ಅಳತೆ ಹಿಡೀಬೇಕು ಅನ್ನೋದು ನನ್ನ ವಾದ. ಡಬ್ಬಿ ಮೇಲೆ ಎಷ್ಟು ವರ್ಷ ಬರೆದಿದ್ದಾರೆ ಅನ್ನೋದು ಬಿಡಿ. ಮುರಿದ ದಿನದಿಂದ ಎಷ್ಟನೇ ದಿನಕ್ಕೆ ನನ್ನ ಕೆಲಸ ಮತ್ತೆ ಶುರುವಾಗುತ್ತೆ? ಆ ಲೆಕ್ಕದಲ್ಲಿ ಪಾವಗಡದಲ್ಲೋ ಮಧುಗಿರಿಯಲ್ಲೋ ಸಿಗೋ ಸಾಧಾರಣ ಬ್ರಾಂಡು, ಬೆಂಗಳೂರಲ್ಲಿ ಮಾತ್ರ ಸಿಗೋ ದೊಡ್ಡ ಬ್ರಾಂಡನ್ನ ಎಷ್ಟೋ ಸಲ ಸೋಲಿಸುತ್ತೆ.

ಕಾನೂನಿನ ಮಾತೂ ಒಂದಿದೆ. "ನೀವು ವ್ಯಾಪಾರಕ್ಕೆ ಬಳಸ್ತೀರ, ಗ್ರಾಹಕ ಅಲ್ಲ" ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸೋ ವಸ್ತು ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬರಲ್ಲ ಅಂತ ಸ್ಪಷ್ಟವಾಗಿದೆ. ತಾನೇ ರೆಂಚು ಹಿಡಿದು ದುಡಿಯೋ ಮೆಕ್ಯಾನಿಕ್ಕು ಗ್ರಾಹಕನೇ. ಅಂಗಡಿ ಬೆಂಗಳೂರಲ್ಲಿದ್ದರೂ ತಾನಿರೋ ಜಿಲ್ಲೆಯ ಆಯೋಗದಲ್ಲಿ, ಅಂದರೆ ತುಮಕೂರಲ್ಲೇ, ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕ ಇಲ್ಲ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಒಂದು ಸ್ಪ್ಯಾನರಿಗೆ ಯಾರೂ ಆಯೋಗಕ್ಕೆ ಹೋಗಲ್ಲ, ನಿಜ. ಆದರೆ ಇದೊಂದು ಮಾತು ಗೊತ್ತಿದ್ದವನ ಹತ್ತಿರ ಕೌಂಟರಿನವರು ಮಾತಾಡೋ ಧಾಟಿಯೇ ಬೇರೆ. ಬಿಲ್ ಮಾತ್ರ ಜೋಪಾನವಾಗಿಡಿ. ಫೋನಲ್ಲಿ ಫೋಟೋ ಹೊಡೆದಿಟ್ಟರೆ ಎಣ್ಣೆ ಹತ್ತಲ್ಲ.

ರೆಂಚಿನ ಕಥೆ ಏನಾಯ್ತು ಅಂತ ಕೇಳ್ತೀರ. ಆ ಅಂಗಡಿಯಿಂದ ಬೇಜಾರಲ್ಲಿ ಹೊರಗೆ ಬಂದು ಅಲ್ಲೇ ಸಂದಿಯೊಳಗೆ ನಡೀತಿದ್ದೆ. ಗೂಡಿನಂಥ ಒಂದು ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಚೀಲ ನೋಡಿ "ಏನಪ್ಪ ಅದು?" ಅಂದರು. ತೋರಿಸಿದೆ. ದವಡೆಯ ಹಲ್ಲು ಮುಟ್ಟಿ ನೋಡಿ, ಒಳಗಿಂದ ಅದೇ ಅಳತೆಯ ಹೊಸ ದವಡೆ, ನಟ್ಟು, ಪಿನ್ನು ತಂದು ಕೌಂಟರಿನ ಮೇಲಿಟ್ಟರು. ಹೊಸ ರೆಂಚಿನ ಬೆಲೆಯ ಕಾಲುಭಾಗವೂ ಆಗಲಿಲ್ಲ. ಪೈಪ್ ರೆಂಚಿನ ದವಡೆ ಬಿಚ್ಚಿ ಬದಲಾಯಿಸಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ. ಸ್ಟಿಲ್ಸನ್ ಅನ್ನೋ ಅಮೆರಿಕದ ಮೆಕ್ಯಾನಿಕ್ಕು 1869ರಲ್ಲಿ ಪೇಟೆಂಟ್ ಮಾಡಿಸಿದ ವಿನ್ಯಾಸ ಅದು. ಇವತ್ತಿಗೂ ಹೆಚ್ಚು ಬದಲಾಗಿಲ್ಲ, ಅದಕ್ಕೇ ಬಿಡಿಭಾಗ ಸಿಗುತ್ತೆ.

ಹಾಗಾಗಿ ನನ್ನ ವಿಮರ್ಶೆಯಲ್ಲಿ ಸ್ಟಾರ್ ಕೊಡೋದಾದರೆ ಒಂದು ಸ್ಟಾರು ಹದಕ್ಕೆ, ಒಂದು ಅಳತೆಗೆ, ಮೂರು ಸ್ಟಾರು ಬಿಡಿಭಾಗಕ್ಕೆ. ಕಂಪನಿಗಳಿಗೆ ಹೇಳೋದು ಇಷ್ಟೇ. ಲೈಫ್‌ಟೈಮ್ ಅನ್ನೋ ಪದ ಡಬ್ಬಿಯಿಂದ ತೆಗೀರಿ. ಏನೇನಕ್ಕೆ ವಾರಂಟಿ ಇಲ್ಲ ಅನ್ನೋದನ್ನ ಕನ್ನಡದಲ್ಲಿ, ಓದೋಕೆ ಆಗೋ ಅಕ್ಷರದಲ್ಲಿ ಬರೀರಿ. ಮಿಕ್ಕ ಜಾಗದಲ್ಲಿ ದವಡೆ, ಪಿನ್ನು, ಸ್ಪ್ರಿಂಗು ನಮ್ಮ ತಾಲ್ಲೂಕಲ್ಲಿ ಎಲ್ಲಿ ಸಿಗುತ್ತೆ ಅಂತ ಅಚ್ಚು ಹಾಕಿ.

ದವಡೆಯನ್ನ ಪಾವಗಡದ ಬಸ್ಸಿನ ಕಂಡಕ್ಟರ ಹತ್ತಿರ ಕೊಟ್ಟು ಕಳಿಸಿದೆ. ಸಂಜೆ ಅಣ್ಣನ ಫೋನು ಬಂತು. "ಕಂಪನಿಯೋರು ಕೊಟ್ರೇನೋ?" ಅಂದ. ಇಲ್ಲ, ದುಡ್ಡು ಕೊಟ್ಟು ತಗೊಂಡೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಲ್ ಸಿಕ್ತು? ಆ ಅಂಗ್ಡಿ ನಂಬರ್ ಹಾಕು. ಇನ್ನೆರಡು ಬೇಕು" ಅಂದ.