ಕೇಳುವ ಹದ

ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಅಂಕೋಲೆಯ ಡಾಕ್ಟರೊಬ್ಬರ ಮುಂದೆ ಕೂತಿದ್ದೆ. ಜೊತೆಗಿದ್ದ ಮಗನನ್ನು ಚೀಟಿ ಕೊಟ್ಟು ಔಷಧಿ ಅಂಗಡಿಗೆ ಅಟ್ಟಿದರು. ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತ, ಮಳೆ ವಿಚಾರಿಸುವ ದನಿಯಲ್ಲೇ ಕೇಳಿದರು: ‘ಸಕ್ಕರೆ ಇದ್ದ ಸುಮಾರು ಜನ ಗಂಡಸರಿಗೆ ಹಾಸಿಗೆಯಲ್ಲೂ ತೊಂದರೆ ಆಗ್ತದೆ. ನಿಮಗೆ ಹೇಗೆ?’

ಆ ‘ಸುಮಾರು ಜನ’ದ ಕಸುಬುಗಾರಿಕೆ ನೋಡಿ! ನಾಚಿಕೆಯ ಅರ್ಧ ಭಾರ ಅಲ್ಲೇ ಇಳಿಯಿತು. ಕೇಳಿದವರೇ ಸ್ಟೆತಾಸ್ಕೋಪ್ ಕಿವಿಗಿಟ್ಟರು. ಗಾಳಿ ಸುಯ್ಯೆಂದು ಇಳಿದು ಮುಗಿಯುವವರೆಗೆ ಉತ್ತರ ಬೇಕಿಲ್ಲ. ಮಾತು ಹುಡುಕಲು ಅರ್ಧ ನಿಮಿಷ ಸಿಕ್ಕಿತು. (ಬಿ.ಪಿ. ತುಸು ಹೆಚ್ಚೇ ಬಂದಿರಬೇಕು.) ನನ್ನ ಉತ್ತರ ಕೇಳಿಸಿಕೊಂಡು, ಸಕ್ಕರೆ ನರಗಳನ್ನೂ ಸಣ್ಣ ರಕ್ತನಾಳಗಳನ್ನೂ ಕೆಡಿಸುವ ಬಗೆ ತಿಳಿಸಿ, ಕೆಲವೊಮ್ಮೆ ಹಾಸಿಗೆಯ ಈ ತೊಂದರೆ ಹೃದಯದ ಕಾಯಿಲೆಗೂ ಮುನ್ಸೂಚನೆ ಎಂದರು.

ಇಂಥದ್ದನ್ನು ಕನ್ನಡದಲ್ಲಿ ಮುಜುಗರವಿಲ್ಲದೆ ಬರೆದವರು ಡಾ. ಅನುಪಮಾ ನಿರಂಜನ (1934–1991). ಅವರ ‘ದಾಂಪತ್ಯ ದೀಪಿಕೆ’ ನಮ್ಮ ಮನೆಯಲ್ಲಿ ರವಿಕೆ ಕಣಗಳ ಅಡಿಯಲ್ಲಿರುತ್ತಿತ್ತು. ಈ ಡಾಕ್ಟರು ಅದನ್ನು ಮೇಜಿನ ಮೇಲೆ ತಂದಿಟ್ಟಂತಾಯಿತು.



ನಿಮ್ಮ ಡಾಕ್ಟರು ಇದನ್ನು ಕೇಳದಿದ್ದರೆ, ಮುಂದಿನ ತಪಾಸಣೆಯಲ್ಲಿ ನೀವೇ ಬಾಯಿ ಬಿಡಿ.