ಗೋವಾದ ಪುಟ್ಟ ಮೀನೊಂದರ ಚೀಟಿಗೆ ವ್ಯಾಖ್ಯಾನ

ಮೀನಿನ ಡಿಎನ್‌ಎ ದಾಖಲೆಯ ತಲೆಚೀಟಿಯಲ್ಲಿ ನಾಲ್ಕೈದು ಸಾಲು ಇರಬೇಕು. ಗೋವಾದ ಮೀನೊಂದಕ್ಕೆ ಅಂಥ ಚೀಟಿ ಬರೆದು, ಸಾಲುಸಾಲಾಗಿ ಬಿಡಿಸುತ್ತಿದ್ದೇನೆ.

«ಅಪ್ಲೋಕೈಲಸ್ ಕಿರ್ಚ್‌ಮೇಯರಿ»

ಬೆರಳುದ್ದವೂ ಇಲ್ಲ. ಚಪ್ಪಟೆ ನೆತ್ತಿ, ಮೇಲಕ್ಕೆ ತಿರುಗಿದ ಬಾಯಿ. ನೀರಿನ ಮೇಲ್ಪದರದಲ್ಲೇ ಓಡಾಟ. ದಡದಲ್ಲಿ ನಿಂತು ನೋಡಿದರೆ ಮೊದಲು ಕಾಣುವುದು ನೆತ್ತಿಯ ಬೆಳ್ಳಿಚುಕ್ಕೆ. ಇದೂ ಅಪ್ಲೋಕೈಲಸ್ ಬ್ಲಾಕಿ ಎಂಬ ಮೀನೂ ಒಂದೇ ಎಂದು ಕೆಲವು ತಜ್ಞರು, ಅಲ್ಲ ಎಂದು ಇನ್ನು ಕೆಲವರು. 1990ರ ದಶಕದಲ್ಲಿ ಗೋವಾದಲ್ಲಿ ಮಲೇರಿಯಾ ಹರಡುವ ಸೊಳ್ಳೆಯ ಮರಿಗಳನ್ನು ತಿನ್ನಿಸಲು ಮೀನು ಬಿಟ್ಟು ಪ್ರಯೋಗ ನಡೆಯಿತು. 1998ರ ವರದಿಯಲ್ಲಿ ಆ ಮೀನಿನ ಹೆಸರು ಬ್ಲಾಕಿ. ಹಾಗಾದರೆ ನೀರಿಗೆ ಬಿಟ್ಟದ್ದು ಯಾವುದನ್ನು? ಹೆಸರಿನ ಜಗಳ ಊರಿನ ಆರೋಗ್ಯಕ್ಕೂ ಸೇರಿದ್ದು ಎನ್ನುವುದು ಇದಕ್ಕೇ.

«ಬರ್ಕೆನ್‌ಕಾಂಪ್ ಮತ್ತು ಎಟ್ಸೆಲ್, 1986»

ಹೆಸರಿಟ್ಟವರು, ಇಟ್ಟ ವರ್ಷ. ಆಗ ಜಾತಿ ನಿರ್ಣಯಕ್ಕೆ ಆಧಾರ ಬಣ್ಣ, ಹುರುಪೆಗಳ ಎಣಿಕೆ, ರೆಕ್ಕೆಯ ಕಡ್ಡಿಗಳು. ಬಣ್ಣವೋ ವಯಸ್ಸು, ಆಹಾರ, ನೀರಿನೊಂದಿಗೆ ಬದಲಾಗುವಂಥದ್ದು.

«ನೆಲೆ: ಗೋವಾ»

ಇಷ್ಟೇ ಬರೆದರೆ ಸಾಲದು. ಮಾಂಡೋವಿ ನದಿಯ ಬಯಲೋ ಝುವಾರಿಯದೋ, ಯಾವ ಊರಿನ ಯಾವ ಕಾಲುವೆ ಎಂಬುದೂ ಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಕೊಂಡ ಮೀನಿನ ಡಿಎನ್‌ಎ ಎಷ್ಟೇ ಶುದ್ಧವಾಗಿ ಬಂದರೂ ಅದರ ತವರು ಗೊತ್ತಾಗುವುದಿಲ್ಲ.

«ಜೀನ್: ಸಿಒಐ, ಸುಮಾರು 650 ಡಿಎನ್‌ಎ ಅಕ್ಷರ»

ತಿರುಳೆಲ್ಲ ಈ ಸಾಲಿನಲ್ಲಿದೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಈ ಜೀನಿನ ತುಣುಕನ್ನೇ ಪ್ರಾಣಿಗಳ ಜಾತಿ ಗುರುತಿಸುವ ಬಾರ್‌ಕೋಡ್ ಮಾಡಬಹುದೆಂದು 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಸೂಚಿಸಿತು. ಒಂದೊಂದು ಕೋಶದಲ್ಲೂ ಇದರ ಪ್ರತಿಗಳು ಧಾರಾಳ. ರೆಕ್ಕೆಯ ಚೂರೊಂದನ್ನು ಆಲ್ಕೋಹಾಲಿನಲ್ಲಿ ಇಟ್ಟರೂ ಕೆಲಸ ಆಗುತ್ತದೆ. ಎರಡು ಮೀನುಗಳ ಅಕ್ಷರಮಾಲೆ ನೂರಕ್ಕೆ ಎರಡರಷ್ಟು ಬೇರೆಯಾದರೆ ಜಾತಿಯೂ ಬೇರೆ ಎಂದು ಹಲವರು ಗೆರೆ ಎಳೆಯುತ್ತಾರೆ. ನನಗೆ ಆ ಗೆರೆಯಲ್ಲಿ ನಂಬಿಕೆ ಕಡಿಮೆ. ಅದು ಅನುಕೂಲಕ್ಕೆ ಎಳೆದದ್ದು, ಪ್ರಕೃತಿ ಎಳೆದದ್ದಲ್ಲ. ಅಲ್ಲದೆ ಈ ಜೀನ್ ತಾಯಿಯಿಂದ ಮಾತ್ರ ಬರುವಂಥದ್ದು. ಎರಡು ಜಾತಿ ಬೆರೆತು ಹುಟ್ಟಿದ ಮರಿಯೂ ಬಾರ್‌ಕೋಡಿನಲ್ಲಿ ತಾಯಿಯ ಜಾತಿಯಾಗಿಯೇ ಕಾಣುತ್ತದೆ. ಹಾಗಾಗಿ ಕೋಶಕೇಂದ್ರದ ಜೀನೊಂದನ್ನೂ ಜೊತೆಗೆ ಓದಲೇಬೇಕು.

«ಮಾದರಿ: ಸಂಗ್ರಹಾಲಯದಲ್ಲಿ»

ಅಕ್ಷರಗಳನ್ನು ಯಾವ ಮೀನಿನಿಂದ ತೆಗೆದರೋ ಆ ಮೀನು ಸೀಸೆಯಲ್ಲಿ ಉಳಿದಿರಬೇಕು; ಅನುಮಾನ ಬಂದವರು ಮತ್ತೆ ತೆಗೆದು ನೋಡಬೇಕು. ಫಾರ್ಮಲಿನ್ ದೇಹವನ್ನು ಕಾಪಾಡುತ್ತದೆ, ಡಿಎನ್‌ಎಯನ್ನು ಚೂರುಚೂರು ಮಾಡುತ್ತದೆ. ಆದ್ದರಿಂದ ಹಳೆಯ ಹೆಸರನ್ನು ಪರೀಕ್ಷಿಸುವವರು ಮೊದಲು ಸಿಕ್ಕಿದ ಜಾಗಕ್ಕೇ ಹೋಗಿ ಹೊಸದಾಗಿ ಬಲೆ ಹಾಕಬೇಕು.

ಹೀಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಗೋವಾದ ಗಡಿಯಾಚೆ, ಉತ್ತರ ಕನ್ನಡದಲ್ಲೇ ಇದೆ. ಕೃಷ್ಣಾ ನದಿಯ ಕಡೆಯ ಸಹ್ಯಾದ್ರಿಯೆನ್ಸಿಸ್ ಎಂಬ ಮೀನೇ ಕಾಳಿ ನದಿಯಲ್ಲೂ ಇದೆ ಎಂದುಕೊಂಡಿದ್ದರು. 2020ರಲ್ಲಿ ಕತ್ವಾಟೆ, ಕುಮ್ಕರ್, ರಾಘವನ್, ದಹಾನೂಕರ್ ಅವರು ಜೀನನ್ನೂ ದೇಹರಚನೆಯನ್ನೂ ಜೊತೆಗಿಟ್ಟು ನೋಡಿ ಕಾಳಿಯದು ಬೇರೆ ಜಾತಿ ಎಂದರು: ವೈಖೋಮಿಯಾ ಹೀರಾ. ಕಿರ್ಚ್‌ಮೇಯರಿಯ ಮೊಕದ್ದಮೆಯೂ ಗೋವಾದ ಮೀನನ್ನೂ ಬ್ಲಾಕಿಯ ತವರಿನ ಮೀನನ್ನೂ ಹೀಗೆ ಅಕ್ಕಪಕ್ಕ ಇಟ್ಟು ಓದಿದಾಗಲೇ ತೀರುವುದು.